ಉತ್ತರವಷ್ಟೇ ಸಾಲದು, ಲೆಕ್ಕವೂ ಬೇಕು

ಗಣಿತದ ಉತ್ತರ ಪತ್ರಿಕೆ ತಿದ್ದುವ ಮೇಷ್ಟ್ರು ಕೊನೆಯ ಸಾಲನ್ನಷ್ಟೇ ನೋಡಿ ಅಂಕ ಕೊಡುವುದಿಲ್ಲ. ಹುಡುಗ ಎಲ್ಲಿಂದ ಹೊರಟ, ಯಾವ ಸೂತ್ರ ಹಿಡಿದ, ಯಾವ ಸಾಲಿನಲ್ಲಿ ಕೂಡುವ ಬದಲು ಕಳೆದ ಎಂಬುದನ್ನು ಹಂತಹಂತವಾಗಿ ನೋಡುತ್ತಾರೆ. ಹಂತಗಳಿಲ್ಲದ ಬರೀ ಉತ್ತರ ಸರಿಯಿದ್ದರೂ ಪೂರ್ತಿ ಅಂಕ ಸಿಗದು. ಪಕ್ಕದವನದನ್ನು ನೋಡಿ ಬರೆದನೇ ಎಂಬ ಅನುಮಾನ ಬೇರೆ. ಹತ್ತನೇ ತರಗತಿಯ ಮಕ್ಕಳಿಗಿರುವ ಈ ಕಟ್ಟುನಿಟ್ಟು ಜಗತ್ತಿನ ದೊಡ್ಡ ದೊಡ್ಡ ವೈದ್ಯಕೀಯ ಸಂಶೋಧನಾಲಯಗಳಿಗೆ ಬಹುಕಾಲ ಇರಲಿಲ್ಲ ಎಂದರೆ ಆಶ್ಚರ್ಯವಾದೀತು. ವಿಜ್ಞಾನ ಪತ್ರಿಕೆಗಳಲ್ಲಿ ಅಚ್ಚಾಗುತ್ತಿದ್ದುದು ಉತ್ತರ ಮಾತ್ರ. ಲೆಕ್ಕ ಮಾಡಿದ ಹಾಳೆ ಸಂಶೋಧಕರ ಕಂಪ್ಯೂಟರಿನಲ್ಲೇ ಉಳಿದುಬಿಡುತ್ತಿತ್ತು.

ಶಾಲೆಯಲ್ಲಿ ಲೆಕ್ಕ ತಪ್ಪಿದರೆ ಹೋಗುವುದು ನಾಲ್ಕು ಅಂಕ. ಆಸ್ಪತ್ರೆಯಲ್ಲಿ ತಪ್ಪಿದರೆ? ಅಮೆರಿಕದ ಡ್ಯೂಕ್ ವಿಶ್ವವಿದ್ಯಾಲಯದಲ್ಲಿ ನಡೆದ ಪ್ರಸಂಗವೊಂದು ಈ ಪ್ರಶ್ನೆಗೆ ಉತ್ತರ ಹೇಳುತ್ತದೆ.

ಒಂದು ಸಾಲು ಜಾರಿದಾಗ

ಕ್ಯಾನ್ಸರಿಗೆ ಕೊಡುವ ಕೀಮೋಥೆರಪಿ ಔಷಧಗಳು ಎಲ್ಲರಿಗೂ ಒಂದೇ ರೀತಿ ನಾಟುವುದಿಲ್ಲ. ಒಬ್ಬರ ಗೆಡ್ಡೆ ಕರಗಿಸಿದ ಮದ್ದು ಇನ್ನೊಬ್ಬರಲ್ಲಿ ಕೂದಲು ಉದುರಿಸಿ, ವಾಂತಿ ಮಾಡಿಸಿ, ಗೆಡ್ಡೆಯನ್ನು ಮಾತ್ರ ಹಾಗೆಯೇ ಬಿಡುತ್ತದೆ. ಆ ಹೊತ್ತಿಗೆ ಅಮೂಲ್ಯ ವಾರಗಳು ಕಳೆದಿರುತ್ತವೆ. ಯಾರಿಗೆ ಯಾವ ಮದ್ದು ಹಿಡಿಯುತ್ತದೆ ಎಂದು ಮೊದಲೇ ತಿಳಿಯುವಂತಾದರೆ?

2006ರ ಕೊನೆಯಲ್ಲಿ ಡ್ಯೂಕ್‌ನ ಅನಿಲ್ ಪೊಟ್ಟಿ, ಜೋಸೆಫ್ ನೆವಿನ್ಸ್ ಮತ್ತು ಸಂಗಡಿಗರು ‘ನೇಚರ್ ಮೆಡಿಸಿನ್’ ಪತ್ರಿಕೆಯಲ್ಲಿ ಇದಕ್ಕೊಂದು ದಾರಿ ಸಿಕ್ಕಿದೆಯೆಂದು ಪ್ರಕಟಿಸಿದರು. ಅಮೆರಿಕದ ರಾಷ್ಟ್ರೀಯ ಕ್ಯಾನ್ಸರ್ ಸಂಸ್ಥೆ ಪ್ರಯೋಗಾಲಯದಲ್ಲಿ ಬೆಳೆಸಿಟ್ಟಿರುವ ಸುಮಾರು 60 ಬಗೆಯ ಕ್ಯಾನ್ಸರ್ ಜೀವಕೋಶಗಳಲ್ಲಿ ಯಾವುದು ಯಾವ ಔಷಧಕ್ಕೆ ಸಾಯುತ್ತದೆ, ಯಾವುದು ಜಗ್ಗುವುದಿಲ್ಲ ಎಂಬುದು ತಿಳಿದ ಸಂಗತಿ. ಎರಡೂ ಗುಂಪಿನ ಕೋಶಗಳಲ್ಲಿ ಯಾವ ಯಾವ ಜೀನ್‌ಗಳು ಚುರುಕಾಗಿವೆ ಎಂದು ಹೋಲಿಸಿ, ಪ್ರತಿ ಔಷಧಕ್ಕೂ ಒಂದೊಂದು ‘ಜೀನ್ ಸಹಿ’ ಪತ್ತೆಮಾಡಿದೆವು. ರೋಗಿಯ ಗೆಡ್ಡೆಯಲ್ಲಿ ಆ ಸಹಿ ಹುಡುಕಿದರೆ ಮದ್ದು ಆರಿಸಬಹುದು ಎಂದು ಅವರು ಹೇಳಿದರು. ಸುದ್ದಿ ಕೇಳಿ ವೈದ್ಯಲೋಕ ಪುಳಕಗೊಂಡದ್ದು ಸಹಜವೇ. 2007-08ರಲ್ಲಿ ಡ್ಯೂಕ್‌ನಲ್ಲಿ ಶ್ವಾಸಕೋಶ ಮತ್ತು ಸ್ತನ ಕ್ಯಾನ್ಸರ್ ರೋಗಿಗಳ ಮೇಲೆ ಇದರ ಪರೀಕ್ಷೆ ಶುರುವಾಯಿತು.

ಹ್ಯೂಸ್ಟನ್ ನಗರದ ಎಂ.ಡಿ. ಆಂಡರ್ಸನ್ ಕ್ಯಾನ್ಸರ್ ಆಸ್ಪತ್ರೆಯ ವೈದ್ಯರಿಗೂ ಈ ವಿಧಾನ ತಮ್ಮ ರೋಗಿಗಳಿಗೆ ಬೇಕೆನಿಸಿತು. ಬಳಸುವ ಮುನ್ನ ಒಮ್ಮೆ ನೋಡಿಬಿಡಿ ಎಂದು ಅಲ್ಲಿನ ಸಂಖ್ಯಾಶಾಸ್ತ್ರಜ್ಞರಾದ ಕೀತ್ ಬ್ಯಾಗರ್ಲಿ ಮತ್ತು ಕೆವಿನ್ ಕೂಂಬ್ಸ್ ಅವರನ್ನು ಕೇಳಿದರು. ಇಬ್ಬರೂ ಡ್ಯೂಕ್‌ನಿಂದ ದೊರೆತ ದತ್ತಾಂಶ ಹಿಡಿದು ಅದೇ ಲೆಕ್ಕವನ್ನು ಮತ್ತೆ ಮಾಡಲು ಕುಳಿತರು. ಉತ್ತರ ಬರಲಿಲ್ಲ. ಮತ್ತೆ ಮಾಡಿದರು, ಬರಲಿಲ್ಲ. ಹಂತಗಳನ್ನು ಯಾರೂ ಬರೆದಿಟ್ಟಿರಲಿಲ್ಲವಾದ್ದರಿಂದ, ಉತ್ತರದಿಂದ ಹಿಂದಕ್ಕೆ ನಡೆದು ಆ ತಂಡ ಏನು ಮಾಡಿರಬಹುದು ಎಂದು ಊಹಿಸುತ್ತ ಹೋಗಬೇಕಾಯಿತು. ಕಳ್ಳತನವಾದ ಮನೆಯಲ್ಲಿ ಬೆರಳಚ್ಚು ಹುಡುಕುವ ಪೊಲೀಸರ ಕೆಲಸಕ್ಕೂ ಇದಕ್ಕೂ ಹೆಚ್ಚು ವ್ಯತ್ಯಾಸವಿಲ್ಲ.

ಸಿಕ್ಕಿದ ತಪ್ಪುಗಳಾದರೂ ಎಂಥವು! ಜೀನ್‌ಗಳ ಪಟ್ಟಿ ಒಂದು ಸಾಲು ಕೆಳಕ್ಕೆ ಜಾರಿತ್ತು. ಅಂಕಪಟ್ಟಿಯಲ್ಲಿ ಒಂದನೇ ನಂಬರಿನವನ ಅಂಕ ಎರಡನೆಯವನಿಗೆ, ಎರಡನೆಯವನದು ಮೂರನೆಯವನಿಗೆ ಬಿದ್ದರೆ ಹೇಗೋ ಹಾಗೆ. ಹೀಗಾಗಿ ಪ್ರಬಂಧದಲ್ಲಿ ಮುಖ್ಯವೆಂದು ಕೊಟ್ಟ ಜೀನ್‌ಗಳು ನಿಜವಾಗಿ ಲೆಕ್ಕದಿಂದ ಬಂದ ಜೀನ್‌ಗಳೇ ಅಲ್ಲ, ಅವುಗಳ ನೆರೆಯವು. ಸಹಿಯಲ್ಲಿ ಹೆಸರಿಸಿದ್ದ ಒಂದೆರಡು ಜೀನ್‌ಗಳಂತೂ ಬಳಸಿದ ಪರೀಕ್ಷಾ ಚಿಪ್ಪಿನ ಮೇಲೆಯೇ ಇರಲಿಲ್ಲ. ಎಲ್ಲಕ್ಕಿಂತ ಭಯಂಕರವಾದದ್ದು ಇನ್ನೊಂದು. ಕೆಲವು ಕಡೆ ‘ಔಷಧಕ್ಕೆ ಬಗ್ಗುವ’ ಮತ್ತು ‘ಬಗ್ಗದ’ ಎಂಬ ಚೀಟಿಗಳೇ ಅದಲುಬದಲಾಗಿದ್ದವು. ಅಂದರೆ ಆ ಲೆಕ್ಕವನ್ನು ನಂಬಿದ ವೈದ್ಯರು ಯಾವ ರೋಗಿಗೆ ಮದ್ದು ನಾಟದೋ ಅವರಿಗೇ ಅದನ್ನು ಆರಿಸಿ ಕೊಡುವ ಸಾಧ್ಯತೆ ಇತ್ತು.

ಬ್ಯಾಗರ್ಲಿ ಮತ್ತು ಕೂಂಬ್ಸ್ ತಮ್ಮ ಆಕ್ಷೇಪಗಳನ್ನು 2007ರಲ್ಲಿ ಅದೇ ಪತ್ರಿಕೆಗೆ ಬರೆದರು. ಡ್ಯೂಕ್ ತಂಡ ಒಪ್ಪಲಿಲ್ಲ. 2009ರಲ್ಲಿ ದೀರ್ಘ ಪ್ರಬಂಧವನ್ನೇ ಪ್ರಕಟಿಸಿ, ತಮ್ಮ ಲೆಕ್ಕವನ್ನು ಯಾರು ಬೇಕಾದರೂ ಮತ್ತೆ ಮಾಡಿ ನೋಡುವಂತೆ ಪ್ರೋಗ್ರಾಂ ಸಮೇತ ಹೊರಗಿಟ್ಟರು. ಆಗ ಪರೀಕ್ಷೆಗಳಿಗೆ ತಡೆ ಬಿತ್ತು. ವಿಶ್ವವಿದ್ಯಾಲಯ ಹೊರಗಿನವರ ಸಮಿತಿ ನೇಮಿಸಿತು; ಆದರೆ ಈ ಇಬ್ಬರು ಎತ್ತಿದ್ದ ಹೊಸ ಆಕ್ಷೇಪಗಳು ಆ ಸಮಿತಿಯ ಕೈಗೆ ಹೋಗಲೇ ಇಲ್ಲ. 2010ರ ಆರಂಭದಲ್ಲಿ ಪರೀಕ್ಷೆಗಳು ಪುನಃ ಆರಂಭವಾದವು!

ಕಡೆಗೆ ಬೀಗ ಬಿದ್ದದ್ದು ಲೆಕ್ಕದಿಂದಲ್ಲ ಎಂಬುದು ಈ ಕತೆಯ ಬೇಸರದ ಭಾಗ. ಪೊಟ್ಟಿಯವರು ತಾವು ರೋಡ್ಸ್ ವಿದ್ಯಾರ್ಥಿವೇತನ ಪಡೆದವರೆಂದು ಹೇಳಿಕೊಂಡದ್ದು ಸುಳ್ಳೆಂದು 2010ರ ಜುಲೈನಲ್ಲಿ ‘ದಿ ಕ್ಯಾನ್ಸರ್ ಲೆಟರ್’ ಎಂಬ ಪುಟ್ಟ ವಾರಪತ್ರಿಕೆ ಬಯಲಿಗೆಳೆಯಿತು. ನಾಲ್ಕು ವರ್ಷ ಸಂಖ್ಯೆಗಳು ಕೂಗಿದ್ದು ಕೇಳದವರಿಗೆ ಒಂದು ಸುಳ್ಳು ಬಿರುದು ಕೂಡಲೇ ಕೇಳಿಸಿತು. ಅದೇ ವರ್ಷ ಪರೀಕ್ಷೆಗಳು ಶಾಶ್ವತವಾಗಿ ನಿಂತವು, ಪೊಟ್ಟಿ ರಾಜೀನಾಮೆ ಕೊಟ್ಟರು. 2011ರ ಜನವರಿಯಲ್ಲಿ ಮೂಲ ಪ್ರಬಂಧವನ್ನು ಹಿಂತೆಗೆದುಕೊಳ್ಳಲಾಯಿತು. 2015ರಲ್ಲಿ ಅಮೆರಿಕದ ಸಂಶೋಧನಾ ಪ್ರಾಮಾಣಿಕತೆಯ ಕಚೇರಿ ಅವರು ದತ್ತಾಂಶ ತಿರುಚಿದ್ದಾರೆಂದು ತೀರ್ಮಾನಿಸಿತು. ಅವರು ಅದನ್ನು ಒಪ್ಪಲೂ ಇಲ್ಲ, ಅಲ್ಲಗಳೆಯಲೂ ಇಲ್ಲ. ಅಷ್ಟರಲ್ಲಿ ನೂರಕ್ಕೂ ಹೆಚ್ಚು ರೋಗಿಗಳು ಆ ಪರೀಕ್ಷೆಗಳಲ್ಲಿ ಹೆಸರು ಬರೆಸಿದ್ದರು.

ಇಲ್ಲಿ ಇನ್ನೊಬ್ಬರನ್ನು ನೆನೆಯಬೇಕು. ಅದೇ ಪ್ರಯೋಗಾಲಯದಲ್ಲಿದ್ದ, ಮೂರನೇ ವರ್ಷದ ವೈದ್ಯ ವಿದ್ಯಾರ್ಥಿಯೊಬ್ಬ 2008ರಲ್ಲೇ ಲೆಕ್ಕ ಸರಿಯಿಲ್ಲವೆಂದು ಹಿರಿಯರಿಗೆ ಬರಹದಲ್ಲಿ ತಿಳಿಸಿದ್ದ. ಮಾತು ಹೊರಗೆ ಹೋಗಲಿಲ್ಲ. ಆತ ಪ್ರಬಂಧಗಳಿಂದ ತನ್ನ ಹೆಸರು ತೆಗೆಸಿಕೊಂಡು ಪ್ರಯೋಗಾಲಯ ಬಿಟ್ಟ. ಸಂಶೋಧನೆಯ ಆ ವರ್ಷವನ್ನು ಬೇರೆಡೆ ಮೊದಲಿನಿಂದ ಕಳೆಯಬೇಕಾಯಿತು. ಅವನ ಟಿಪ್ಪಣಿ ಬೆಳಕಿಗೆ ಬಂದದ್ದು ಏಳು ವರ್ಷಗಳ ನಂತರ.

ದತ್ತಾಂಶ, ಪ್ರೋಗ್ರಾಂ, ಹಂತಗಳು ಎಲ್ಲವೂ ಮೊದಲ ದಿನವೇ ಒಂದೆಡೆ ತೆರೆದಿದ್ದರೆ ಸಾಲು ಜಾರಿದ್ದನ್ನು ಕಂಡುಹಿಡಿಯಲು ಎಷ್ಟು ಹೊತ್ತು ಬೇಕಿತ್ತು? ಬಹುಶಃ ಒಂದು ಮಧ್ಯಾಹ್ನ ಸಾಕಿತ್ತು.

ಪುಸ್ತಕ ಮನೆಗೆ ಕೊಡುವುದಿಲ್ಲ

ಹಾಗಾದರೆ ಎಲ್ಲರೂ ತಮ್ಮ ದತ್ತಾಂಶವನ್ನು ಇಂಟರ್‌ನೆಟ್ಟಿಗೆ ಹಾಕಿಬಿಟ್ಟರಾಯಿತಲ್ಲ ಎನ್ನಬಹುದು. ಎರಡು ತೊಡಕುಗಳಿವೆ.

ಮೊದಲನೆಯದು ಗಾತ್ರ. ಮನುಷ್ಯನ ಡಿಎನ್‌ಎಯಲ್ಲಿ ಸುಮಾರು 300 ಕೋಟಿ ಅಕ್ಷರಗಳಿವೆ. ತಪ್ಪಾಗದಿರಲೆಂದು ಯಂತ್ರ ಒಂದೊಂದು ಅಕ್ಷರವನ್ನೂ ಸುಮಾರು 30 ಬಾರಿ ಓದುವುದರಿಂದ ಒಬ್ಬ ವ್ಯಕ್ತಿಯ ಕಡತವೇ 100 ಗಿಗಾಬೈಟ್ ಆಸುಪಾಸು ತಲುಪುತ್ತದೆ. ಅಮೆರಿಕದ ‘ಕ್ಯಾನ್ಸರ್ ಜೀನೋಮ್ ಅಟ್ಲಾಸ್’ ಯೋಜನೆ 33 ಬಗೆಯ ಕ್ಯಾನ್ಸರಿನ 11,000ಕ್ಕೂ ಹೆಚ್ಚು ರೋಗಿಗಳ ಮಾಹಿತಿ ಕಲೆಹಾಕಿ 2.5 ಪೆಟಾಬೈಟ್ ಸೇರಿಸಿತು. ಒಂದು ಪೆಟಾಬೈಟ್ ಎಂದರೆ ಹತ್ತು ಲಕ್ಷ ಗಿಗಾಬೈಟ್. ಸೆಕೆಂಡಿಗೆ 100 ಮೆಗಾಬಿಟ್ ವೇಗದ ಮನೆ ಸಂಪರ್ಕದಲ್ಲಿ ಇದನ್ನು ಇಳಿಸಿಕೊಳ್ಳಲು ಹೊರಟರೆ ಆರು ವರ್ಷ ದಾಟುತ್ತದೆ (ಬೈಟನ್ನು ಎಂಟರಿಂದ ಗುಣಿಸಿ ಬಿಟ್ ಮಾಡಿಕೊಂಡು ಮಕ್ಕಳು ಈ ಲೆಕ್ಕವನ್ನು ತಾವೇ ಮಾಡಿ ನೋಡಬಹುದು). ಇಳಿಸಿದ ಮೇಲೆ ಇಡುವುದೆಲ್ಲಿ?

ಎರಡನೆಯ ತೊಡಕು ಇನ್ನೂ ಸೂಕ್ಷ್ಮ. ರೋಗಿಯ ಹೆಸರು, ವಿಳಾಸ ಅಳಿಸಿದರೂ ಡಿಎನ್‌ಎ ತಾನೇ ಒಂದು ಗುರುತಿನ ಚೀಟಿ. 2013ರಲ್ಲಿ ಅಮೆರಿಕದ ವೈಟ್‌ಹೆಡ್ ಸಂಸ್ಥೆಯ ಯಾನಿವ್ ಎರ್ಲಿಕ್ ಅವರ ತಂಡ ಇದನ್ನು ಮಾಡಿಯೇ ತೋರಿಸಿತು. ತಂದೆಯಿಂದ ಮಗನಿಗೆ ಬರುವ ವೈ ವರ್ಣತಂತುವಿನ ಗುರುತುಗಳನ್ನು ವಂಶಾವಳಿ ಹುಡುಕುವ ಸಾರ್ವಜನಿಕ ಪಟ್ಟಿಗಳೊಂದಿಗೆ ಹೋಲಿಸಿ, ಮನೆತನದ ಹೆಸರು ಹಿಡಿದು, ವಯಸ್ಸು ಮತ್ತು ಊರನ್ನು ಸೇರಿಸಿ, ಅನಾಮಧೇಯರೆಂದು ದಾಖಲಾಗಿದ್ದ ಸುಮಾರು 50 ಜನರ ಗುರುತು ಪತ್ತೆಹಚ್ಚಿತು. ಒಬ್ಬರ ಡಿಎನ್‌ಎ ಅವರೊಬ್ಬರ ಸ್ವತ್ತೂ ಅಲ್ಲ. ಅಣ್ಣತಮ್ಮಂದಿರ, ಮಕ್ಕಳ ಗುಟ್ಟೂ ಅದರಲ್ಲಿದೆ.

ಈ ಎರಡೂ ತೊಡಕಿಗೆ ಹೊಳೆದ ಪರಿಹಾರ ನಮ್ಮ ಊರಿನ ಗ್ರಂಥಾಲಯಗಳಲ್ಲಿ ಹಳೆಯದೇ. ಬೆಲೆಬಾಳುವ ನಿಘಂಟು, ವಿಶ್ವಕೋಶಗಳನ್ನು ಮನೆಗೆ ಕೊಡುವುದಿಲ್ಲ. ಪರಾಮರ್ಶನ ವಿಭಾಗದಲ್ಲಿ ಕುಳಿತು ಓದಿ, ಬೇಕಾದ್ದನ್ನು ಬರೆದುಕೊಂಡು ಹೋಗಬೇಕು. ‘ಕ್ಲೌಡ್’ ವೇದಿಕೆ ಎಂದರೆ ಇಷ್ಟೇ. ಮೋಡ ಎಂಬ ಹೆಸರು ಕೇಳಿ ಮೇಲೆ ನೋಡಬೇಕಿಲ್ಲ. ಅದು ನೆಲದ ಮೇಲೆಯೇ ಇರುವ, ಸಾವಿರಾರು ಕಂಪ್ಯೂಟರುಗಳನ್ನು ಜೋಡಿಸಿದ, ತಂಪು ಗಾಳಿ ಹಾಯಿಸಿದ ದೊಡ್ಡ ಕಟ್ಟಡ. ದತ್ತಾಂಶ ಅಲ್ಲೇ ಇರುತ್ತದೆ. ಸಂಶೋಧಕರು ತಮ್ಮ ಊರಿನಿಂದ ಪ್ರೋಗ್ರಾಂ ಅನ್ನು ಮಾತ್ರ ಅಲ್ಲಿಗೆ ಕಳಿಸುತ್ತಾರೆ. ಲೆಕ್ಕ ಅಲ್ಲೇ ನಡೆದು, ಒಟ್ಟಾರೆ ಫಲಿತಾಂಶ ಮಾತ್ರ ಹೊರಬರುತ್ತದೆ.

2014ರಲ್ಲಿ ಅಮೆರಿಕದ ರಾಷ್ಟ್ರೀಯ ಕ್ಯಾನ್ಸರ್ ಸಂಸ್ಥೆ ಬ್ರಾಡ್ ಇನ್‌ಸ್ಟಿಟ್ಯೂಟ್, ಸಿಯಾಟಲ್‌ನ ಇನ್‌ಸ್ಟಿಟ್ಯೂಟ್ ಫಾರ್ ಸಿಸ್ಟಮ್ಸ್ ಬಯಾಲಜಿ ಮತ್ತು ಸೆವೆನ್ ಬ್ರಿಡ್ಜಸ್ ಎಂಬ ಕಂಪನಿಗೆ ಇಂಥ ಮೂರು ವೇದಿಕೆ ಕಟ್ಟುವ ಹೊಣೆ ವಹಿಸಿತು. 2016ರಲ್ಲಿ ಮೂರೂ ಬಾಗಿಲು ತೆರೆದವು. ಬ್ರಾಡ್‌ನವರ ‘ಫೈರ್‌ಕ್ಲೌಡ್’ ಮುಂದೆ ‘ಟೆರಾ’ ಎಂಬ ಹೆಸರಿನಲ್ಲಿ ಬೆಳೆಯಿತು. ಬ್ರಿಟನ್ನಿನ ‘ಯುಕೆ ಬಯೋಬ್ಯಾಂಕ್’ ತನ್ನ ಐದು ಲಕ್ಷ ಸ್ವಯಂಸೇವಕರ ಮಾಹಿತಿಗಾಗಿ 2021ರಲ್ಲಿ ವೇದಿಕೆ ತೆರೆಯಿತು. 2023ರ ನವೆಂಬರಿನಲ್ಲಿ ಬಿಡುಗಡೆಯಾದ ಅವರ ಪೂರ್ಣ ಜೀನೋಮುಗಳನ್ನು ಆ ವೇದಿಕೆಯೊಳಗೇ ಓದಬೇಕು.

ಡಬ್ಬಿಯೊಳಗಿನ ಅಡುಗೆ

ಒಂದೇ ದತ್ತಾಂಶ, ಒಂದೇ ವಿಧಾನ. ಆದರೂ ಉತ್ತರ ಬೇರೆಯಾಗಬಹುದೇ? ಆಗಬಹುದು. ಮೆದುಳಿನ ಎಂಆರ್‌ಐ ಚಿತ್ರ ನೋಡಿ ಅದರ ಭಾಗಗಳನ್ನು ಅಳೆಯುವ ‘ಫ್ರೀಸರ್ಫರ್’ ಎಂಬ ಜನಪ್ರಿಯ ಪ್ರೋಗ್ರಾಂ ಇದೆ. 2012ರಲ್ಲಿ ನೆದರ್ಲೆಂಡ್ಸ್‌ನ ಸಂಶೋಧಕರು ಒಂದೇ ಚಿತ್ರಗಳನ್ನು ಈ ಪ್ರೋಗ್ರಾಂನ ಮೂರು ಆವೃತ್ತಿಗಳಿಗೆ ಉಣಿಸಿದರು. ಆವೃತ್ತಿ ಬದಲಾದಾಗ ಭಾಗಗಳ ಗಾತ್ರ ಸರಾಸರಿ ಶೇ. 9ರಷ್ಟು ಹೆಚ್ಚುಕಡಿಮೆಯಾಯಿತು. ಕಂಪ್ಯೂಟರ್ ಬದಲಿಸಿದಾಗಲೂ ವ್ಯತ್ಯಾಸ ಬಂತು. ರೋಗಿಯ ಮೆದುಳು ಕುಗ್ಗಿತೋ ಪ್ರೋಗ್ರಾಂ ಬದಲಾಯಿತೋ ಎಂದು ಹೇಳುವುದು ಹೇಗೆ?

ಆದ್ದರಿಂದ ಈ ವೇದಿಕೆಗಳಲ್ಲಿ ಪ್ರೋಗ್ರಾಂ ಒಂಟಿಯಾಗಿ ಓಡಾಡುವುದಿಲ್ಲ. ಅದಕ್ಕೆ ಬೇಕಾದ ಉಪಪ್ರೋಗ್ರಾಂಗಳು, ಅವುಗಳ ನಿಖರ ಆವೃತ್ತಿ ಎಲ್ಲವನ್ನೂ ಒಂದೇ ಡಬ್ಬಿಯಲ್ಲಿ ತುಂಬಿ ಮುಚ್ಚಳ ಹಾಕುತ್ತಾರೆ. ಮನೆಯ ಅನ್ನ, ಸಾರು, ಪಲ್ಯವನ್ನು ಟಿಫಿನ್ ಕ್ಯಾರಿಯರಿನಲ್ಲಿ ಕಟ್ಟಿಕೊಟ್ಟರೆ ಯಾವ ಊರಿನಲ್ಲಿ ಬಿಚ್ಚಿದರೂ ಅದೇ ಊಟ ತಾನೆ? 2013ರಲ್ಲಿ ಬಂದ ‘ಡಾಕರ್’ ಎಂಬ ತಂತ್ರ ಈ ಕಟ್ಟುವ ಕೆಲಸವನ್ನು ಸುಲಭ ಮಾಡಿತು. ಯಾವ ಡಬ್ಬಿ ಮೊದಲು, ಯಾವುದು ನಂತರ ಎಂಬ ಕ್ರಮವನ್ನು ಬೇರೊಂದು ಕಡತದಲ್ಲಿ ಬರೆದಿಡುತ್ತಾರೆ. ಯಾರು, ಯಾವ ದಿನ, ಯಾವ ದತ್ತಾಂಶದ ಮೇಲೆ ಯಾವ ಹಂತ ನಡೆಸಿದರು ಎಂಬುದು ತಾನಾಗಿಯೇ ದಾಖಲಾಗುತ್ತದೆ. ಅನುಮತಿಯಿರುವ ಇನ್ನೊಬ್ಬ ಸಂಶೋಧಕಿ ಆ ಇಡೀ ಕಾರ್ಯಕೋಣೆಯನ್ನೇ ಪ್ರತಿ ಮಾಡಿಕೊಂಡು ಅದೇ ಲೆಕ್ಕ ಓಡಿಸಬಹುದು. ಬ್ಯಾಗರ್ಲಿಯವರ ತಿಂಗಳುಗಟ್ಟಲೆ ಪತ್ತೇದಾರಿಕೆ ಅಲ್ಲಿ ಬೇಕಾಗುವುದಿಲ್ಲ.

ಬಾಡಿಗೆ ಮಾತ್ರ ಇದೆ. ಲೆಕ್ಕ ಓಡಿದಷ್ಟು ಗಂಟೆಗೆ ಮೀಟರ್ ಓಡುತ್ತದೆ. ನಿಲ್ಲಿಸಲು ಮರೆತರೆ ಆಟೋ ಮೀಟರಿನಂತೆ ಏರುತ್ತಲೇ ಹೋಗುತ್ತದೆ. ಶ್ರೀಮಂತ ದೇಶಗಳ ಸಂಶೋಧಕರಿಗೆ ಸಲೀಸಾದದ್ದು ಬಡ ದೇಶದ ಕಾಲೇಜಿಗೆ ಎಟುಕದಿರಬಹುದು. ವಿಜ್ಞಾನ ತೆರೆದಿದೆ ಎನ್ನುವವರು ಈ ಬಾಡಿಗೆಯ ಮಾತನ್ನೂ ಆಡಬೇಕು.

ದಿನಾಂಕವಾಗಿಬಿಟ್ಟ ಜೀನ್

ವೇದಿಕೆ ಎಷ್ಟೇ ಚೆನ್ನಾಗಿರಲಿ, ಅದರೊಳಕ್ಕೆ ಹೋಗುವ ಕಡತವೇ ಕೆಟ್ಟಿದ್ದರೆ? ಲೆಕ್ಕ ಹಾಕಲು ಎಲ್ಲರೂ ಬಳಸುವ ಎಕ್ಸೆಲ್‌ಗೆ ಒಂದು ಅಭ್ಯಾಸವಿದೆ. ತಿಂಗಳ ಹೆಸರಿನಂತೆ ಕಾಣುವುದನ್ನೆಲ್ಲ ಅದು ದಿನಾಂಕವೆಂದುಕೊಳ್ಳುತ್ತದೆ. ಮನುಷ್ಯನಲ್ಲಿ ‘ಸೆಪ್ಟ್2’, ‘ಮಾರ್ಚ್1’ ಎಂಬ ಹೆಸರಿನ ಜೀನ್‌ಗಳಿದ್ದವು. ಎಕ್ಸೆಲ್‌ನಲ್ಲಿ ಬರೆದು ಗುಂಡಿ ಒತ್ತಿದರೆ ಅವು ಸೆಪ್ಟೆಂಬರ್ ಎರಡು, ಮಾರ್ಚ್ ಒಂದು! 2016ರಲ್ಲಿ ಆಸ್ಟ್ರೇಲಿಯಾದ ವಿಜ್ಞಾನಿಗಳು ಎಕ್ಸೆಲ್ ಜೀನ್ ಪಟ್ಟಿಗಳನ್ನು ಲಗತ್ತಿಸಿದ್ದ ಮೂರೂವರೆ ಸಾವಿರಕ್ಕೂ ಹೆಚ್ಚು ಪ್ರಬಂಧಗಳನ್ನು ಶೋಧಿಸಿದಾಗ ಐದರಲ್ಲಿ ಒಂದರಲ್ಲಿ ಈ ದೋಷವಿತ್ತು. ಐದು ವರ್ಷದ ನಂತರ ಇನ್ನೂ ದೊಡ್ಡ ರಾಶಿಯನ್ನು ನೋಡಿದಾಗ ಪ್ರಮಾಣ ಶೇ. 31ರ ಹತ್ತಿರಕ್ಕೆ ಏರಿತ್ತು. ಜೀನ್‌ಗಳಿಗೆ ನಾಮಕರಣ ಮಾಡುವ ಅಂತರರಾಷ್ಟ್ರೀಯ ಸಮಿತಿ 2020ರಲ್ಲಿ ಕೈಚೆಲ್ಲಿ ಜೀನ್‌ಗಳ ಹೆಸರನ್ನೇ ಬದಲಿಸಿತು. ‘ಸೆಪ್ಟ್2’ ಈಗ ‘ಸೆಪ್ಟಿನ್2’. ಈ ಅಭ್ಯಾಸವನ್ನು ಆರಿಸಿಬಿಡುವ ಸೌಲಭ್ಯವನ್ನು ಮೈಕ್ರೋಸಾಫ್ಟ್ ಒದಗಿಸಿದ್ದು 2023ರಲ್ಲಿ.

ಇನ್ನೊಂದು ಭೇದವನ್ನೂ ವಿದ್ಯಾರ್ಥಿಗಳು ಗಮನಿಸಬೇಕು. ಅದೇ ದತ್ತಾಂಶದ ಮೇಲೆ ಅದೇ ಲೆಕ್ಕ ಮಾಡಿ ಅದೇ ಉತ್ತರ ಪಡೆಯುವುದು ಒಂದು. ಹೊಸ ಜೀವಕೋಶ, ಹೊಸ ಇಲಿ, ಹೊಸ ರೋಗಿಗಳ ಮೇಲೆ ಪ್ರಯೋಗವನ್ನೇ ಮತ್ತೆ ಮಾಡಿ ಅದೇ ಫಲ ಕಾಣುವುದು ಇನ್ನೊಂದು. ಕ್ಲೌಡ್ ವೇದಿಕೆ ಮೊದಲನೆಯದನ್ನು ಮಾಡಿಕೊಡುತ್ತದೆ, ಎರಡನೆಯದನ್ನಲ್ಲ. ತಪ್ಪು ತಕ್ಕಡಿಯಲ್ಲಿ ತೂಗಿದ ತೂಕವನ್ನು ಹತ್ತು ಸಲ ಸರಿಯಾಗಿ ಕೂಡಿದರೂ ತೂಕ ತಪ್ಪೇ. ಕ್ಯಾನ್ಸರ್ ಸಂಶೋಧನೆಯ ಹೆಸರಾಂತ 53 ಪ್ರಬಂಧಗಳ 193 ಪ್ರಯೋಗಗಳನ್ನು ಮತ್ತೆ ಮಾಡಿ ನೋಡಲು ಹೊರಟ ಅಮೆರಿಕದ ಯೋಜನೆಯೊಂದು 2021ರಲ್ಲಿ ವರದಿ ಕೊಟ್ಟಿತು. ಮುಗಿಸಲಾದದ್ದು 50 ಪ್ರಯೋಗ ಮಾತ್ರ. ಮೂಲ ಲೇಖಕರನ್ನು ಕೇಳದೆ, ಪ್ರಬಂಧವನ್ನಷ್ಟೇ ಓದಿ ಮತ್ತೆ ಮಾಡಬಹುದಾದಷ್ಟು ವಿವರ 193ರಲ್ಲಿ ಒಂದಕ್ಕೂ ಇರಲಿಲ್ಲ.

ಬೆಂಗಳೂರಿನ ನಂಟು

ನಮ್ಮಲ್ಲೂ ಇಂಥ ಕಣಜವೊಂದು ತುಂಬುತ್ತಿದೆ. 2020ರಲ್ಲಿ ಆರಂಭವಾದ ‘ಜೀನೋಮ್ ಇಂಡಿಯಾ’ ಯೋಜನೆಯಲ್ಲಿ 20 ಸಂಸ್ಥೆಗಳು ಕೈಜೋಡಿಸಿದವು; ಎಲ್ಲವನ್ನೂ ಹೊಂದಿಸಿದ್ದು ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಆವರಣದಲ್ಲಿರುವ ಮೆದುಳು ಸಂಶೋಧನಾ ಕೇಂದ್ರ. ದೇಶದ 83 ಜನಸಮುದಾಯಗಳಿಂದ ಸುಮಾರು 20,000 ರಕ್ತದ ಮಾದರಿ ಸಂಗ್ರಹಿಸಿ, 10,000 ಜನರ ಡಿಎನ್‌ಎಯನ್ನು ಪೂರ್ತಿ ಓದಲಾಯಿತು. ಫಲ ಸೇರಿರುವುದು ದೆಹಲಿ ಪಕ್ಕದ ಫರೀದಾಬಾದಿನಲ್ಲಿ 2022ರಲ್ಲಿ ಉದ್ಘಾಟನೆಯಾದ ಭಾರತೀಯ ಜೈವಿಕ ದತ್ತಾಂಶ ಕೇಂದ್ರಕ್ಕೆ. 2025ರ ಜನವರಿಯಲ್ಲಿ ಅದನ್ನು ಸಂಶೋಧಕರಿಗೆ ತೆರೆಯಲಾಯಿತು. ಯಾರು ಬೇಕಾದರೂ ಬಂದು ಹೊತ್ತೊಯ್ಯುವಂತಿಲ್ಲ. ಏತಕ್ಕೆ ಬೇಕೆಂದು ಪ್ರಸ್ತಾವ ಬರೆದು ಅನುಮತಿ ಪಡೆಯಬೇಕು.

ಇದೇಕೆ ಮುಖ್ಯವೆಂದರೆ, ಈತನಕ ಜಗತ್ತಿನ ಜೀನ್ ಕಣಜಗಳಲ್ಲಿ ತುಂಬಿದ್ದವರು ಬಹುಪಾಲು ಯುರೋಪ್ ಮೂಲದವರು. ಅವರ ಮೇಲೆ ಮಾಡಿದ ಲೆಕ್ಕ ಹಾಸನದ ರೈತನಿಗೋ ಕಲಬುರ್ಗಿಯ ಬಸುರಿಗೋ ಹೊಂದುತ್ತದೆಯೇ ಎಂದು ನೋಡಲು ನಮ್ಮವರ ದತ್ತಾಂಶವೇ ಬೇಕು. ಆ ಲೆಕ್ಕ ಮಾಡುವವರೂ ಬೇಕು. ಡ್ಯೂಕ್ ಪ್ರಸಂಗದಲ್ಲಿ ರೋಗಿಗಳ ಪರ ನಿಂತ ಇಬ್ಬರೂ ಸ್ಟೆತಾಸ್ಕೋಪ್ ಹಿಡಿದವರಲ್ಲ, ಅಂಕಿಸಂಖ್ಯೆ ಕಲಿತವರು. ಮಗ ಡಾಕ್ಟರಾಗಲಿಲ್ಲವೆಂದು ಕೊರಗುವ ತಂದೆತಾಯಿಗಳು ಇದನ್ನು ಕೇಳಿಸಿಕೊಂಡರೆ ಒಳ್ಳೆಯದು. ಸಂಖ್ಯಾಶಾಸ್ತ್ರ, ಜೀವಶಾಸ್ತ್ರ, ಕಂಪ್ಯೂಟರ್ ಮೂರನ್ನೂ ಬೆರೆಸಿದ ಬಯೋಇನ್ಫರ್ಮ್ಯಾಟಿಕ್ಸ್ ವಿಷಯವನ್ನು ಕಲಿಸಲೆಂದೇ ಬೆಂಗಳೂರಿನ ಎಲೆಕ್ಟ್ರಾನಿಕ್ಸ್ ಸಿಟಿಯಲ್ಲಿ ಒಂದು ಸಂಸ್ಥೆ ಇದೆ.

ಅನುಮತಿ, ಬಾಡಿಗೆ ಯಾವುದೂ ಇಲ್ಲದೆ ಶಾಲೆಯ ಮಕ್ಕಳಿಗೂ ತೆರೆದಿರುವ ಕಣಜಗಳಿವೆ. ಪ್ರೋಟೀನುಗಳ ಆಕಾರ ಸಂಗ್ರಹಿಸುವ ‘ಪ್ರೋಟೀನ್ ಡೇಟಾ ಬ್ಯಾಂಕ್’ 1971ರಲ್ಲಿ ಕೇವಲ ಏಳು ಆಕಾರಗಳಿಂದ ಶುರುವಾಯಿತು. ಈಗ ಎರಡು ಲಕ್ಷ ದಾಟಿದೆ. ಹೊಸ ಆಕಾರ ಪ್ರಕಟಿಸುವವರು ದತ್ತಾಂಶವನ್ನು ಅಲ್ಲಿ ಒಪ್ಪಿಸಲೇಬೇಕೆಂದು ವಿಜ್ಞಾನ ಪತ್ರಿಕೆಗಳು ಹಟ ಹಿಡಿದದ್ದರಿಂದ ಇದು ಸಾಧ್ಯವಾಯಿತು. ಈ ರಾಶಿಯನ್ನು ಓದಿ ಕಲಿತ ‘ಆಲ್ಫಾಫೋಲ್ಡ್’ ಪ್ರೋಗ್ರಾಂ ರೂಪಿಸಿದ ಡೆಮಿಸ್ ಹಸಬಿಸ್ ಮತ್ತು ಜಾನ್ ಜಂಪರ್ ಅವರಿಗೆ 2024ರ ರಸಾಯನಶಾಸ್ತ್ರದ ನೊಬೆಲ್ ಪಾಲು ಬಂತು. ಶಾಲೆಯ ಕಂಪ್ಯೂಟರಿನಲ್ಲಿ ಆ ಬ್ಯಾಂಕಿನ ಪುಟ ತೆರೆದು, ಹುಡುಕುವ ಜಾಗದಲ್ಲಿ ನಾಲ್ಕು, ಎಚ್, ಎಚ್, ಬಿ ಎಂದು ಇಂಗ್ಲಿಷಿನಲ್ಲಿ ಒತ್ತಿದರೆ ಮನುಷ್ಯನ ರಕ್ತದ ಹಿಮೋಗ್ಲೋಬಿನ್ ತೆರೆಯ ಮೇಲೆ ಮೂಡುತ್ತದೆ. ಬೆರಳಿನಿಂದ ತಿರುಗಿಸಿದರೆ ನಾಲ್ಕು ಎಳೆಗಳೂ, ಆಮ್ಲಜನಕ ಬಂದು ಕೂರುವ ಕಬ್ಬಿಣದ ನಾಲ್ಕು ಪರಮಾಣುಗಳೂ ಬೇರೆ ಬೇರೆಯಾಗಿ ಕಾಣುತ್ತವೆ.